ಕಾರ್ಡು ಕದ್ದ ಹುಡುಗಿ ಮತ್ತು ಷರಾ ಕಾಲಂ

ಇವರಿಗೆ,
ಮಾನ್ಯ ಆಯುಕ್ತರು,
ಶಾಲಾ ಶಿಕ್ಷಣ ಇಲಾಖೆ, ಬೆಂಗಳೂರು.

ವಿಷಯ: ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ತರಗತಿಗಿಂತ ಮುಂದಿರುವ ಮಕ್ಕಳನ್ನು ಗುರುತಿಸಿ ಬೆಳೆಸುವ ಬಗ್ಗೆ.

ಉಲ್ಲೇಖ: ಇಲ್ಲ. ಈ ವಿಷಯದ ಮೇಲೆ ನನ್ನ ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಒಂದು ಸುತ್ತೋಲೆಯೂ ನನ್ನ ಕೈಗೆ ಬಂದಿಲ್ಲ.

ಮಾನ್ಯರೇ,

ನಾನು ನಿವೃತ್ತ ಶಿಕ್ಷಕಿ. ಚಳ್ಳಕೆರೆ ತಾಲ್ಲೂಕಿನ ನಾಲ್ಕು ಹಳ್ಳಿಗಳ ಕಿರಿಯ ಮತ್ತು ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿದವಳು. ಕೊನೆಯ ಏಳು ವರ್ಷ ಮುಖ್ಯ ಶಿಕ್ಷಕಿಯಾಗಿದ್ದೆ. ಸೇವೆಯಲ್ಲಿದ್ದಾಗ ಇಂಥ ಪತ್ರ ಬರೆದಿದ್ದರೆ ನಡತೆ ನಿಯಮ ಅಡ್ಡ ಬರುತ್ತಿತ್ತು. ಈಗ ಪಿಂಚಣಿ ಬರುತ್ತಿದೆ, ಅದರ ಹಿಂದೆಯೇ ಸ್ವಲ್ಪ ಧೈರ್ಯವೂ ಬಂದಿದೆ. ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಂಡು, ಆಮೇಲೆ ಇಲಾಖೆಯನ್ನು ಕೇಳಬೇಕಾದ್ದನ್ನು ಕೇಳುತ್ತೇನೆ.

ಮಗು ಕಾರ್ಡುಗಳ ಮೂಲಕ ತನ್ನ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂದು ಕೆಲವು ವರ್ಷಗಳಾಗಿದ್ದವು. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೊಠಡಿಯಲ್ಲಿ, ನೆಲದ ಮೇಲೆ, ಗುಂಪು ಗುಂಪಾಗಿ ಕೂರುತ್ತಿದ್ದರು. ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ಬಣ್ಣದ ಕಾಗದದ ಚಪ್ಪರ, ಮೂಲೆಯಲ್ಲಿ ಪುಟ್ಟ ಚಿತ್ರದ ಗುರುತು ಹೊತ್ತ ಕಾರ್ಡುಗಳ ಟ್ರೇ. ಒಂದು ಕಾರ್ಡು ಮುಗಿಸಿದ ಮಗು ಏಣಿ ನೋಡಿ ಮುಂದಿನದನ್ನು ತಾನೇ ಎತ್ತಿಕೊಳ್ಳಬೇಕು. ನನ್ನ ಕೊಠಡಿಯಲ್ಲಿ ಮೂವತ್ತನಾಲ್ಕು ಮಕ್ಕಳು. ಅವರಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ದಸರಾ ರಜೆಯ ಹೊತ್ತಿಗೆ ಆ ವರ್ಷದ ಗಣಿತದ ಏಣಿಯನ್ನು ಹತ್ತಿ ಮುಗಿಸಿಬಿಟ್ಟಳು. ಕುರಿ ಸಾಕುವ ಮನೆಯ ಮಗು. ಮಾತು ಕಡಿಮೆ, ಅಕ್ಷರ ಕೋಳಿ ಕೆದರಿದ ಹಾಗೆ.

ಪದ್ಧತಿಯ ಪ್ರಕಾರ ಅವಳನ್ನು ಮೂರನೇ ತರಗತಿಯ ಮೈಲಿಗಲ್ಲುಗಳಿಗೆ ಬಿಡಬೇಕಿತ್ತು. ನಾನು ಬಿಡಲಿಲ್ಲ. ಯಾವ ತಿಂಗಳಿಗೆ ಯಾವ ಮೈಲಿಗಲ್ಲು ಎಂಬ ಲೆಕ್ಕ ನನ್ನ ತಲೆಯಲ್ಲಿತ್ತು. ಸಂದರ್ಶನಕ್ಕೆ ಬರುವವರು ಪ್ರಗತಿ ನೋಟ ಹಿಡಿದು, ಹಿಂದಿರುವ ಮಕ್ಕಳು ಯಾರು ಎಂದಷ್ಟೇ ಕೇಳುತ್ತಿದ್ದರು. ಅವಳನ್ನು ಒಂದನೇ ತರಗತಿಯ ಮಕ್ಕಳಿಗೆ ಮಣಿ ಎಣಿಸಲು ಕಲಿಸುವ ಕೆಲಸಕ್ಕೆ ಕೂರಿಸಿದೆ. ಅವಳು ಕಲಿಸಿದಳು, ಚೆನ್ನಾಗಿಯೇ ಕಲಿಸಿದಳು. ನನಗೆ ಆರಾಮವಾಯಿತು.

ರಜೆ ಮುಗಿಸಿ ಬಂದು ಟ್ರೇ ಎಣಿಸಿದರೆ ಮೂರನೇ ತರಗತಿಯ ಹದಿನಾಲ್ಕು ಗಣಿತ ಕಾರ್ಡುಗಳು ಇಲ್ಲ. ಅನುಮಾನ ಯಾರ ಮೇಲೆ ಬಂತೆಂದು ಹೇಳಬೇಕಿಲ್ಲ. ಎಲ್ಲರ ಮುಂದೆ ಅವಳ ಚೀಲ ಕೊಡವಿದೆ. ಹನ್ನೊಂದು ಕಾರ್ಡು ಬಿದ್ದವು, ಜೊತೆಗೆ ಹಳೆಯ ಕ್ಯಾಲೆಂಡರಿನ ಒಂದಷ್ಟು ಹಾಳೆಗಳು. "ಮುಂದೆ ಏನಿದೆ ಎಂದು ನೋಡಬೇಕಿತ್ತು ಮಿಸ್" ಎಂದಳು. ಕದ್ದವಳು ಹೇಳುವ ಮಾತು ಎಂದುಕೊಂಡು ಗದರಿಸಿದೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ಅವಳು ಲೆಕ್ಕಗಳನ್ನೆಲ್ಲ ಮಾಡಿಟ್ಟಿದ್ದಳು. ಹದಿನಾಲ್ಕನ್ನು ಆರರಿಂದ ಗುಣಿಸುವ ಕಡೆ ಹದಿನಾಲ್ಕನ್ನು ಮೂರು ಸಲ ಕೂಡಿ ನಲವತ್ತೆರಡು ಮಾಡಿ, ಅದನ್ನು ಇಮ್ಮಡಿಸಿ ಎಂಬತ್ತನಾಲ್ಕು ಬರೆದಿದ್ದಳು. ಉಳಿದವೂ ಹಾಗೆಯೇ, ಎಲ್ಲಿ ನೋಡಿದರೂ ಇಮ್ಮಡಿ. ಅವಳಪ್ಪ ಸಂಜೆ ಹಟ್ಟಿಗೆ ಬರುವ ಕುರಿಗಳನ್ನು ಜೋಡಿ ಜೋಡಿಯಾಗಿ ಎಣಿಸುವುದನ್ನು ನಾನೇ ನೋಡಿದ್ದೆ. ಆದರೂ ಎರಡನ್ನೂ ಕೂಡಿಸಿ ನೋಡುವಷ್ಟು ಬುದ್ಧಿ ಆ ದಿನ ನನಗಿರಲಿಲ್ಲ. ಕೆಂಪು ಪೆನ್ನಿನಲ್ಲಿ "ಹೀಗಲ್ಲ" ಎಂದು ಬರೆದೆ. ಉಳಿದ ಮೂರು ಕಾರ್ಡು ಸಿಗಲಿಲ್ಲ.

ಅಲ್ಲಿಗೆ ಕಥೆ ಮುಗಿಯಿತು ಎನ್ನಬೇಕು, ಏಕೆಂದರೆ ನಾಲ್ಕನೇ ತರಗತಿಗೆ ಬಂದರೆ ಏಣಿಯೇ ಇಲ್ಲ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ದಿನ ಒಂದೇ ಪುಟ. ಐದನೇ ತರಗತಿಯಲ್ಲಿ ನವೋದಯ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿಸೋಣ ಎಂದು ಮನೆಗೆ ಹೋದರೆ, ಅಪ್ಪ ಕುರಿಗಳ ಹಿಂದೆ ದಾವಣಗೆರೆ ಕಡೆಯ ಗದ್ದೆ ಬಯಲಿಗೆ ಹೋಗಿದ್ದ. ಸಹಿಗೆ ಯಾರೂ ಇಲ್ಲ. ಈಗ ಅವಳು ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿದ್ದಾಳೆ ಎಂದು ಅವಳ ತಂಗಿ ಹೇಳಿದಳು. ಆ ಸಾಲಿನಲ್ಲಿ ದಿನಕ್ಕೆ ಎಷ್ಟು ಪೀಸು ಆಯಿತು, ಎಷ್ಟು ಬಾಕಿ ಎಂದು ಬಾಯಿಲೆಕ್ಕದಲ್ಲಿ ಹೇಳುವವಳು ಅವಳೇ ಅಂತೆ. ಸಂಬಳ ಮಾತ್ರ ಎಲ್ಲರಷ್ಟೇ.

ಈಗ ಇಲಾಖೆಯ ಮಾತಿಗೆ ಬರುತ್ತೇನೆ. ನಮ್ಮ ಶಾಲೆಯಲ್ಲಿ ಲೆಕ್ಕಕ್ಕೆ ಸಿಗದ್ದು ಯಾವುದೂ ಇಲ್ಲ. ಇಂದು ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಹಾಲಿನ ಪುಡಿ ಉಳಿದದ್ದು ಎಷ್ಟು, ಶೌಚಾಲಯದ ನಲ್ಲಿ ಎಷ್ಟು ಎಂದು ಬರೆದಿಡುತ್ತೇವೆ. ವಿದ್ಯಾರ್ಥಿಗಳ ಮಾಹಿತಿ ತುಂಬುವ ಎಸ್‌ಎಟಿಎಸ್‌ ಜಾಲತಾಣದಲ್ಲಿ ಮಗುವಿನ ಜಾತಿ, ಆಧಾರ್, ಅಂಕ, ಶ್ರೇಣಿ ಎಲ್ಲಕ್ಕೂ ಜಾಗವಿದೆ. ಕಲಿಕೆಯಲ್ಲಿ ಹಿಂದಿರುವ ಮಗುವಿಗೆ ಪರಿಹಾರ ಬೋಧನೆಯ ವಹಿ ಇದೆ. ಇರಲೇಬೇಕು, ಅದರ ಬಗ್ಗೆ ನನಗೆ ಎರಡನೇ ಮಾತಿಲ್ಲ. ಆದರೆ ಪಾಠಕ್ಕಿಂತ ಮುಂದೆ ಓಡಿಹೋದ ಮಗುವಿನ ಬಗ್ಗೆ ಬರೆಯಲು ಮೂವತ್ತೊಂದು ವರ್ಷದಲ್ಲಿ ನನಗೆ ಒಂದು ಕಾಲಂ ಸಿಗಲಿಲ್ಲ. ಕಾಲಂ ಇಲ್ಲದ್ದನ್ನು ಶಿಕ್ಷಕರು ನೋಡುವುದಿಲ್ಲ. ಇದು ನಮ್ಮ ವೃತ್ತಿಯ ರೋಗ, ಅಂಟಿಸಿದವರು ಮಾತ್ರ ಮೇಲಿನವರು.

ನಮ್ಮ ಶಿಕ್ಷಕರ ಕೊಠಡಿಯ ಭಾಷೆಯನ್ನು ಸ್ವಲ್ಪ ಕೇಳಿ. "ಹುಷಾರು ಹುಡುಗಿ" ಎಂದರೆ ಅಕ್ಷರ ದುಂಡಗಿರಬೇಕು, ಕೇಳಿದ್ದಕ್ಕಷ್ಟೇ ಉತ್ತರ ಹೇಳಬೇಕು, ಹಾಜರಿ ಪುಸ್ತಕವನ್ನು ಪಕ್ಕದ ಕೊಠಡಿಗೆ ಒಯ್ದು ಕೊಡಬೇಕು. ಕೇಳದೆ ಇದ್ದದ್ದಕ್ಕೂ ಉತ್ತರ ಹೇಳುವವನಿಗೆ ನಮ್ಮಲ್ಲಿ ಬೇರೆಯೇ ಹೆಸರಿದೆ: ಅಧಿಕಪ್ರಸಂಗಿ. ಎಂಥ ಪದ ನೋಡಿ. ಪ್ರಸಂಗಕ್ಕಿಂತ ಹೆಚ್ಚು ಮಾತಾಡಿದ ಎಂಬುದೇ ಅಪರಾಧ. ನಾನು ಆ ಬಿರುದು ಕೊಟ್ಟ ಮಕ್ಕಳನ್ನೆಲ್ಲ ಈಗ ಕೂತು ನೆನೆದರೆ, ಅವರಲ್ಲಿ ಅರ್ಧ ಜನ ಬರೀ ತುಂಟರು. ಉಳಿದರ್ಧ ಜನರ ವಿಷಯದಲ್ಲಿ ನನಗೆ ನಾಚಿಕೆಯಾಗುತ್ತದೆ.

ಅಂಥವನೊಬ್ಬ ಇದ್ದ. ಶಾಲೆಗೆ ಹೊಸ ಕೊಠಡಿ ಕಟ್ಟುವಾಗ ಮೇಸ್ತ್ರಿ ಮೂಲೆಮಟ್ಟಕ್ಕೆ ಹಗ್ಗದಲ್ಲಿ ಮೂರು, ನಾಲ್ಕು, ಐದು ಅಡಿ ಅಳೆಯುವುದನ್ನು ನೋಡಿದ. ಒಂದು ವಾರ ಬಿಟ್ಟು ಆರು, ಎಂಟು, ಹತ್ತೂ ಸರಿಬರುತ್ತದೆ ಎಂದ. ದುಪ್ಪಟ್ಟು ಮಾಡಿದ್ದಾನೆ, ಅದರಲ್ಲೇನು ಎಂದುಕೊಂಡೆ. ತಿಂಗಳ ನಂತರ ಗಂಟು ಹಾಕಿದ ಹಗ್ಗವನ್ನೇ ಹಿಡಿದು ಬಂದು, ಐದು, ಹನ್ನೆರಡು, ಹದಿಮೂರೂ ಸರಿಬರುತ್ತದೆ, ಅದು ಹೇಗೆ ಎಂದು ಕೇಳಿದ. ಆಗ ಅವನು ನಾಲ್ಕನೇ ತರಗತಿ. ನಾನು ಕೊಟ್ಟ ಉತ್ತರ ಇದು: "ಅದು ಏಳನೇ ತರಗತಿಯ ಪಾಠ, ಆಗ ನೋಡೋಣ." ಅವನು ಏಳಕ್ಕೆ ಬಂದಾಗ ಆ ಪಾಠ ಮಾಡಿದ್ದೂ ನಾನೇ. ಅವನು ಕಿಟಕಿಯ ಆಚೆ ನೋಡುತ್ತಿದ್ದ.

ಇಂಥ ಮಕ್ಕಳಿಗಾಗಿಯೇ ಪರೀಕ್ಷೆಗಳಿವೆಯಲ್ಲ ಎಂದು ತಾವು ಕೇಳಬಹುದು. ಇವೆ. ಅವುಗಳಲ್ಲಿ ದೊಡ್ಡದು ನವೋದಯ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕೂಸು ಅದು. ಹಳ್ಳಿಯ ಪ್ರತಿಭೆಗೆ ಹಣದ ಹಂಗಿಲ್ಲದೆ ಒಳ್ಳೆಯ ಶಾಲೆ ಸಿಗಬೇಕೆಂಬ ಉದ್ದೇಶದ ಬಗ್ಗೆ ನನಗೆ ಗೌರವವಿದೆ. ನನ್ನ ಶಾಲೆಗಳಿಂದ ಇಬ್ಬರು ಹೋದರು, ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಲೆಕ್ಕ ನೋಡಿ. ಒಂದು ವಿದ್ಯಾಲಯಕ್ಕೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು. ಅವರಲ್ಲಿ ಮುಕ್ಕಾಲು ಪಾಲು ಗ್ರಾಮೀಣರು, ಒಪ್ಪೋಣ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಮಗುವಿಗೆ ಅಂದು ಜ್ವರ ಬಂದಿದ್ದರೆ ಮುಂದಿನ ವರ್ಷ ಮತ್ತೊಮ್ಮೆ ಬರೆಯುವ ಹಾಗೂ ಇಲ್ಲ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಪ್ರವೇಶವೂ ಆರನೇ ತರಗತಿಗೇ, ಪರೀಕ್ಷೆಯ ಮೂಲಕವೇ. ಬಡ ಮನೆಯ ಪ್ರತಿಭಾವಂತ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ವರ್ಷಕ್ಕೆ 12,000 ರೂಪಾಯಿ. ಬಡ ಮನೆಗೆ ಅದು ದೊಡ್ಡ ದುಡ್ಡು. ಆದರೆ ಅದರ ಪರೀಕ್ಷೆ ಎಂಟನೇ ತರಗತಿಯಲ್ಲಿ. ಒಂದರಿಂದ ಐದರವರೆಗೆ, ಅಂದರೆ ಮಗುವಿನ ಕುತೂಹಲ ಬದುಕುವುದೋ ಸಾಯುವುದೋ ತೀರ್ಮಾನವಾಗುವ ವರ್ಷಗಳಲ್ಲಿ, ನಮ್ಮ ಕೈಯಲ್ಲಿ ಏನೂ ಇಲ್ಲ.

ಇನ್ನೂ ಒಂದು ಸಂಗತಿ ಇದೆ. ವಿಜಯಪುರ, ಬಾಗಲಕೋಟೆ, ಧಾರವಾಡದ ಕಡೆ ಬಸ್ಸಿನಲ್ಲಿ ಹೋಗುವಾಗ ಗೋಡೆಗಳನ್ನು ನೋಡುತ್ತಾ ಹೋಗಿ. ನವೋದಯ, ಸೈನಿಕ, ಮೊರಾರ್ಜಿ ಕೋಚಿಂಗ್, ವಸತಿ ಸಹಿತ. ಒಂಬತ್ತು ವರ್ಷದ ಮಕ್ಕಳನ್ನು ಮನೆಯಿಂದ ತಂದು, ಬೆಳಗಿನ ಐದು ಗಂಟೆಗೆ ಎಬ್ಬಿಸಿ, ಆಕೃತಿ ಹೊಂದಿಸುವ ಪ್ರಶ್ನೆಗಳನ್ನು ಸಾವಿರಗಟ್ಟಲೆ ಬಿಡಿಸಿಸುತ್ತಾರೆ. ಬುದ್ಧಿಸಾಮರ್ಥ್ಯ ಅಳೆಯಲು ಇಟ್ಟ ಪ್ರಶ್ನೆಗಳು ಅಭ್ಯಾಸಬಲ ಅಳೆಯುವ ಪ್ರಶ್ನೆಗಳಾಗಿವೆ. ಆ ಶುಲ್ಕ ಕಟ್ಟಬಲ್ಲ ಗ್ರಾಮೀಣರು ಯಾರು? ಟ್ರ್ಯಾಕ್ಟರ್ ಇದ್ದವರು, ಇಲ್ಲವೇ ನಮ್ಮಂಥ ಸಂಬಳದವರು. ಹೌದು, ಶಿಕ್ಷಕರ ಮಕ್ಕಳೇ ಅಲ್ಲಿ ಬಹಳ. ಕುರಿಯವನ ಮಗಳು ಆ ಗೋಡೆ ಬರಹವನ್ನು ಓದಬಲ್ಲಳು, ಅಷ್ಟೇ.

ಒಂದು ವೇಳೆ ಆರಿಸಿದ್ದೆಲ್ಲ ಸರಿಯಾಗಿದೆ ಎಂದೇ ಇಟ್ಟುಕೊಳ್ಳೋಣ. ಆರಿಸುವುದು ಎಂದರೆ ಇಲ್ಲಿ ಕಿತ್ತುಕೊಂಡು ಹೋಗುವುದು. ಮಗುವನ್ನು ಕಂಡುಹಿಡಿದ ಊರಿನ ಶಾಲೆಗೆ ಅದರಿಂದ ಒಂದು ಪುಸ್ತಕವೂ ಬರುವುದಿಲ್ಲ. ಒಂದು ಅಂಕದಿಂದ ಉಳಿದ ಮಗು ಮರುದಿನ ಅದೇ ಬೆಂಚಿಗೆ, ಅದೇ ಪುಟಕ್ಕೆ ಮರಳುತ್ತದೆ. ಪ್ರತಿಭಾ ಕಾರಂಜಿ ಇದೆಯಲ್ಲ ಎಂದರೆ, ಇದೆ, ಕಂಠಪಾಠಕ್ಕೆ, ಛದ್ಮವೇಷಕ್ಕೆ, ಮಣ್ಣಿನ ಬೊಂಬೆಗೆ. ಮಕ್ಕಳು ಖುಷಿಪಡುತ್ತಾರೆ, ನಾವೂ ಪಡುತ್ತೇವೆ. ಒಂದು ಲೆಕ್ಕವನ್ನು ಮೂರು ದಾರಿಯಲ್ಲಿ ಮಾಡುವ ಮಗುವಿಗೆ ಅಲ್ಲಿ ವೇಷ ಯಾವುದು?

ಹಿಂದಿನವರು ಪರೀಕ್ಷೆಯಿಲ್ಲದೆಯೇ ಗುರುತಿಸುತ್ತಿದ್ದರು ಎನ್ನುವವರು ಎಚ್. ನರಸಿಂಹಯ್ಯನವರ ಹೆಸರು ಹೇಳುತ್ತಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ, 1935ರಲ್ಲಿ ನಡೆದುಕೊಂಡೇ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲು ಸೇರಿ, ಕೊನೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ನಿಜ. ಆ ಹುಡುಗನ ಹಿಂದೆ ಒಬ್ಬ ಮೇಷ್ಟರ ಕಣ್ಣಿತ್ತು. ನನಗೆ ಮಾತ್ರ ಆ ಕಥೆ ಕೇಳಿದಾಗಲೆಲ್ಲ, ಅದೇ ತರಗತಿಯಲ್ಲಿ ಕೂತಿದ್ದು ನಡೆಯಲಾರದೆ ಉಳಿದವರು ಯಾರು ಎಂಬ ಯೋಚನೆ ಬರುತ್ತದೆ. ಅದರಲ್ಲೂ ಹುಡುಗಿಯರು.

ನೆರೆಯವರು ಸುಮ್ಮನೆ ಕೂತಿಲ್ಲ. ಕೇರಳ ನಾಲ್ಕನೇ ತರಗತಿಗೂ ಏಳನೇ ತರಗತಿಗೂ ವಿದ್ಯಾರ್ಥಿವೇತನ ಪರೀಕ್ಷೆ ನಡೆಸುತ್ತದೆ, ಮಹಾರಾಷ್ಟ್ರವೂ ಅಂಥದ್ದೇ ಪರೀಕ್ಷೆ ನಡೆಸುತ್ತದೆ. ಅವೂ ಪರೀಕ್ಷೆಗಳೇ, ಅವುಗಳ ಸುತ್ತಲೂ ಗೈಡುಗಳ ಅಂಗಡಿ ಇದೆ, ಹಾಗಾಗಿ ನಕಲು ಮಾಡಿ ಎನ್ನುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇಂಥ ಮಕ್ಕಳಿಗಾಗಿ ಕೆಲವು ಪ್ಯಾರಾ ಬರೆದಿತ್ತು. ಗುರುತಿಸುವ ವಿಧಾನ ಶಿಕ್ಷಕರ ತರಬೇತಿಯಲ್ಲೇ ಸೇರಬೇಕು ಎಂದೂ ಹೇಳಿತ್ತು. 2023ರಲ್ಲಿ ನಮ್ಮ ರಾಜ್ಯ ಆ ನೀತಿಯನ್ನು ಬೇಡ ಎಂದಿತು. ರಾಜಕೀಯ ನನಗೆ ಬೇಡ, ಆದರೆ ಮಗುವನ್ನು ಮೀಯಿಸಿದ ನೀರಿನ ಜೊತೆ ಏನೇನು ಹೋಯಿತೆಂದು ಯಾರೂ ಬಗ್ಗಿ ನೋಡಿದಂತಿಲ್ಲ. ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ 2025ರ ಆಗಸ್ಟ್‌ನಲ್ಲಿ ರಾಜ್ಯ ಶಿಕ್ಷಣ ನೀತಿಯ ವರದಿ ಕೊಟ್ಟಿದೆ. ಅದು ಸುತ್ತೋಲೆಗಳಾಗಿ ಶಾಲೆಗೆ ಇಳಿಯುವ ಹೊತ್ತಿಗೆ ಈ ಪತ್ರ ತಮ್ಮ ಮೇಜಿನ ಮೇಲಿರಲಿ ಎಂಬುದೂ ಇದನ್ನು ಈಗ ಬರೆಯಲು ಒಂದು ಕಾರಣ. ಪರಿಣತರು ಬೇಕೆಂದರೆ ದೂರ ಹೋಗಬೇಕಿಲ್ಲ. ಪ್ರತಿಭಾನ್ವಿತ ಮಕ್ಕಳ ಶಿಕ್ಷಣದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಇರುವುದು ಬೆಂಗಳೂರಿನಲ್ಲೇ, ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ.

ಹಿಂದುಳಿದ ಮಕ್ಕಳೇ ಇಷ್ಟಿರುವಾಗ ಮುಂದಿರುವವರ ಚಿಂತೆ ಏಕೆ, ಅವರು ಹೇಗೋ ಬೆಳೆದುಕೊಳ್ಳುತ್ತಾರೆ ಎಂಬ ಮಾತು ನನ್ನ ಸಹೋದ್ಯೋಗಿಗಳಿಂದಲೇ ಬಂದಿದೆ. ಪ್ರಾಮಾಣಿಕವಾದ ಮಾತು, ಅದಕ್ಕೇ ಉತ್ತರ ಹೇಳಬೇಕು. ಪೇಟೆಯ ಖಾಸಗಿ ಶಾಲೆಯ ಚುರುಕು ಮಗುವಿಗೆ ಅಬ್ಯಾಕಸ್ ತರಗತಿ ಇದೆ, ಒಲಿಂಪಿಯಾಡ್ ಇದೆ, ಚೆಸ್ ಇದೆ, ಮನೆಯಲ್ಲಿ ಪುಸ್ತಕ ಇದೆ, ಪ್ರಶ್ನೆ ಕೇಳಿದರೆ ಉತ್ತರ ಹುಡುಕಿಕೊಡುವ ಅಪ್ಪ ಅಮ್ಮ ಇದ್ದಾರೆ. ನಮ್ಮ ಶಾಲೆಯ ಮಗುವಿಗೆ ಇರುವುದು ನಾವು ಮಾತ್ರ. ಹೇಗೋ ಬೆಳೆದುಕೊಳ್ಳುತ್ತದೆ ಎಂಬುದು ಯಾರ ಮಗುವಿನ ವಿಷಯದಲ್ಲಿ ಸುಳ್ಳೋ ಅವರೆಲ್ಲರೂ ಸರ್ಕಾರಿ ಶಾಲೆಯಲ್ಲೇ ಇದ್ದಾರೆ. ನಮ್ಮ ಗಡಿ ಕಡೆ ಮನೆಯಲ್ಲಿ ತೆಲುಗು ಆಡುವ ಮಕ್ಕಳು, ತಾಂಡಾದ ಮಕ್ಕಳು ಮೊದಲ ಎರಡು ವರ್ಷ ತರಗತಿಯಲ್ಲಿ ಬಾಯಿ ಬಿಡುವುದೇ ಅಪರೂಪ. ಬಾಯಿ ಬಿಡದ ಮಗುವನ್ನು ನಾವು ದಡ್ಡರ ಸಾಲಿಗೆ ಸೇರಿಸಿ ಪರಿಹಾರ ಬೋಧನೆಗೆ ಕೂರಿಸುತ್ತೇವೆ. ಅಲ್ಲಿ ಕೂತವರಲ್ಲಿ ಯಾರು ಯಾರಿದ್ದರೋ.

ಏನು ಮಾಡಬೇಕು ಎಂದರೆ, ಮೊದಲು ಏನು ಮಾಡಬಾರದು ಎಂದು ಹೇಳಿಬಿಡುತ್ತೇನೆ. ಇನ್ನೊಂದು ಪರೀಕ್ಷೆ ಬೇಡ. "ಪ್ರತಿಭಾವಂತ" ಎಂಬ ಮುದ್ರೆ ಒತ್ತಿದ ಪ್ರಮಾಣಪತ್ರ ಖಂಡಿತ ಬೇಡ. ಅದು ಬಂದ ಮರುದಿನ ಅದಕ್ಕೂ ಕೋಚಿಂಗ್ ಬರುತ್ತದೆ, ಊರಲ್ಲಿ ಯಾರ ಮನೆಯ ಮಗುವಿಗೆ ಬಂತು ಎಂಬ ಜಗಳವೂ ಬರುತ್ತದೆ. ದಯವಿಟ್ಟು ಹೊಸ ಆ್ಯಪ್ ಮಾಡಬೇಡಿ. ಕೈ ಮುಗಿಯುತ್ತೇನೆ.

ತಿಂಗಳಿಗೊಮ್ಮೆ ಕ್ಲಸ್ಟರ್ ಮಟ್ಟದಲ್ಲಿ, ಅಂದರೆ ಸುತ್ತಲಿನ ಕೆಲವು ಶಾಲೆಗಳ ಶಿಕ್ಷಕರು ಸೇರಿ, ಸಮಾಲೋಚನಾ ಸಭೆ ನಡೆಯುತ್ತದೆ. ಅರ್ಧ ದಿನ ಅಂಕಿಅಂಶ ಒಪ್ಪಿಸುವುದರಲ್ಲೇ ಕಳೆಯುತ್ತದೆ. ಅದರಲ್ಲಿ ಅರ್ಧ ಗಂಟೆ ತೆಗೆದಿಡಿ. ಪ್ರತಿ ಶಾಲೆಯ ಒಬ್ಬ ಶಿಕ್ಷಕರು ಈ ತಿಂಗಳು ತಮ್ಮನ್ನು ಬೆರಗುಗೊಳಿಸಿದ ಒಂದು ಮಗುವಿನ ಒಂದು ಕೆಲಸವನ್ನು ತಂದು ತೋರಿಸಲಿ. ಒಂದು ಲೆಕ್ಕ, ಒಂದು ಪ್ರಶ್ನೆ, ಒಂದು ಹಗ್ಗ. ಅಂಕ ಬೇಡ, ಶ್ರೇಣಿ ಬೇಡ. ಹತ್ತು ಜನರ ಎದುರು ನಾನು ಆ ಕ್ಯಾಲೆಂಡರ್ ಹಾಳೆಗಳನ್ನು ಇಟ್ಟಿದ್ದರೆ, ಅವರಲ್ಲಿ ಒಬ್ಬರಾದರೂ "ಮೇಡಂ, ಇವಳು ತಪ್ಪು ಮಾಡಿಲ್ಲ" ಎನ್ನುತ್ತಿದ್ದರು. ಗುರುತಿಸುವ ಕಣ್ಣು ಹುಟ್ಟಿನಿಂದ ಬರುವುದಿಲ್ಲ, ನನಗೆ ಬಂದಿರಲಿಲ್ಲ. ಇನ್ನೊಬ್ಬರ ಕಣ್ಣು ಪಕ್ಕದಲ್ಲಿದ್ದಾಗ ಬರುತ್ತದೆ.

ಇನ್ನೊಂದು, ಅನುಮತಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅರವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಐದು ತರಗತಿ, ಎರಡು ಕೊಠಡಿ. ಇದನ್ನು ನಾವು ಕೊರತೆ ಎಂದೇ ಹೇಳುತ್ತಾ ಬಂದಿದ್ದೇವೆ, ಕೊರತೆಯೇ ಹೌದು. ಆದರೆ ಮೂರನೆಯವನ ಕಿವಿಗೆ ಐದನೇ ತರಗತಿಯ ಭಿನ್ನರಾಶಿ ಬೀಳುವುದು ಅಂಥ ಶಾಲೆಯಲ್ಲೇ. ಆ ಮಗು ಗಣಿತಕ್ಕೆ ಮಾತ್ರ ಐದನೆಯವರ ಜೊತೆ ಕೂರಲಿ, ಹೆಸರು ತನ್ನ ತರಗತಿಯ ಹಾಜರಿಯಲ್ಲೇ ಇರಲಿ. ವಯಸ್ಸಿಗೆ ತಕ್ಕ ತರಗತಿ ಎಂಬ ಕಾಯ್ದೆಯ ಮಾತಿಗೆ ಭಂಗವಿಲ್ಲ. ಎಷ್ಟೋ ಶಿಕ್ಷಕರು ಇದನ್ನು ಸದ್ದಿಲ್ಲದೆ ಮಾಡುತ್ತಲೇ ಇದ್ದಾರೆ, ಅಧಿಕಾರಿಗಳು ಬಂದಾಗ ಮಗುವನ್ನು ಎಬ್ಬಿಸಿ ಅದರ ಜಾಗಕ್ಕೆ ಕಳಿಸುತ್ತಾರೆ. "ಹೀಗೆ ಮಾಡಬಹುದು" ಎಂಬ ಎರಡು ಸಾಲಿನ ಸುತ್ತೋಲೆ ಸಾಕು, ಅನುದಾನ ಬೇಡ.

ನಲಿ-ಕಲಿಯ ಏಣಿಯನ್ನು ತಿಂಗಳಿನ ಲೆಕ್ಕಕ್ಕೆ ಕಟ್ಟಿಹಾಕಬೇಡಿ ಎಂದೂ ಅದರಲ್ಲಿ ಒಂದು ಸಾಲು ಸೇರಿಸಿ. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ಋಷಿ ಕಣಿವೆ (ರಿಷಿ ವ್ಯಾಲಿ) ಶಾಲೆಯ ಪದ್ಧತಿ ನೋಡಿ ಬಂದು ಇದನ್ನು ಕಟ್ಟಿದಾಗ ಅದರ ಜೀವ ಇದ್ದದ್ದೇ ಅವರವರ ವೇಗದಲ್ಲಿ. ನಿಧಾನಕ್ಕೆ ಹತ್ತುವ ಮಗುವಿಗೆ ನಾವು ಆ ನ್ಯಾಯ ಕೊಟ್ಟೆವು, ಬೇಗ ಹತ್ತುವ ಮಗುವನ್ನು ಮಾತ್ರ ಕಾಲು ಹಿಡಿದು ಎಳೆದೆವು.

ಪುಸ್ತಕದ ವಿಷಯಕ್ಕೂ ಹೊಸ ಯೋಜನೆ ಬೇಕಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ, 2020ರ ಓದುವ ಬೆಳಕು ಅಭಿಯಾನದಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ಎಷ್ಟೋ ಊರಿನಲ್ಲಿ ಅದು ಶಾಲೆಯ ಕಾಂಪೌಂಡಿಗೆ ಅಂಟಿಕೊಂಡೇ ಇದೆ. ಆದರೆ ಶಾಲೆ ನಿಮ್ಮ ಇಲಾಖೆಯದು, ಗ್ರಂಥಾಲಯ ಪಂಚಾಯತ್ ರಾಜ್ ಇಲಾಖೆಯದು, ನಡುವೆ ಗೋಡೆ. ಸಂಭ್ರಮ ಶನಿವಾರದಂದು ಹೇಗೂ ಬ್ಯಾಗ್ ಇಲ್ಲ. ಬೇಕೆನ್ನುವ ಮಕ್ಕಳನ್ನು ಅಲ್ಲಿಗೆ ಬಿಡಿ, ಹತ್ತಿರದ ಪ್ರೌಢಶಾಲೆಯ ಗಣಿತ ಅಥವಾ ವಿಜ್ಞಾನದ ಶಿಕ್ಷಕರೊಬ್ಬರು ತಿಂಗಳಿಗೊಂದು ಶನಿವಾರ ಬಂದು ಕೂರಲಿ. ಪಾಠ ಮಾಡುವುದು ಬೇಡ. ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಮಕ್ಕಳು ಅವರನ್ನು ಕೇಳಲಿ.

ಷರಾ ಕಾಲಂನ ಮಾತು ಬಾಕಿ ಇದೆ. ನಿವೃತ್ತಿಯ ದಿನ ಪ್ರಭಾರ ವಹಿಸಿಕೊಡುವಾಗ ದಾಸ್ತಾನು ವಹಿ ತೆರೆದೆ. ಬೆಂಚು, ಬೀರು, ಗಣಿತ ಕಿಟ್, ಕುಕ್ಕರ್, ತಟ್ಟೆ, ಲೋಟ ಎಲ್ಲ ಸರಿಯಿತ್ತು. ಹಳೆಯ ನಲಿ-ಕಲಿ ಕಾರ್ಡುಗಳ ಸಾಲಿನಲ್ಲಿ, ಮೂರನೇ ತರಗತಿ ಗಣಿತ, ಮೂರು ಕಡಿಮೆ ಎಂದು ವರ್ಷದಿಂದ ವರ್ಷಕ್ಕೆ ನನ್ನದೇ ಕೈಬರಹ ಮುಂದುವರಿದಿತ್ತು. ಷರಾ ಕಾಲಂನಲ್ಲಿ ಪ್ರತಿ ವರ್ಷವೂ "ಕಳೆದಿದೆ" ಎಂದು ಬರೆದಿದ್ದೆ. ಕೊನೆಯ ಸಲ ಅದನ್ನು ಹೊಡೆದುಹಾಕಿ, "ವಿದ್ಯಾರ್ಥಿನಿ ಕಲಿಯಲು ಒಯ್ದಿದ್ದಾಳೆ" ಎಂದು ಬರೆದು ಸಹಿ ಮಾಡಿದೆ. ಲೆಕ್ಕಪರಿಶೋಧನೆಯವರು ಆಕ್ಷೇಪಣೆ ಎತ್ತಿದರೆ ಮೂರು ಕಾರ್ಡಿನ ಬೆಲೆಯನ್ನು ನನ್ನ ಪಿಂಚಣಿಯಲ್ಲಿ ಹಿಡಿದುಕೊಳ್ಳಬಹುದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕಿ,
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ